ಹುಳದ ಮನೆಗೆ ಬಂದ ಬಾಡಿಗೆದಾರ

ನಮ್ಮದು ಒಂದೇ ಕಾಂಪೌಂಡಿನೊಳಗೆ ಎರಡು ಮನೆ. ರಸ್ತೆಗೆ ಮುಖ ಮಾಡಿದ್ದು ನಾವಿರುವ ಮನೆ, ಹಿತ್ತಲು ದಾಟಿದರೆ ಹುಳದ ಮನೆ. ರಾಮನಗರದಿಂದ ಕೆಂಗಲ್ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಸಿಗುವ ನಮ್ಮೂರಿನಲ್ಲಿ ಆಗ ರೇಷ್ಮೆ ಬೆಳೆಯುವವರೆಲ್ಲ ಹೀಗೆಯೇ ಕಟ್ಟಿಕೊಳ್ಳುತ್ತಿದ್ದರು, ಮತ್ತು ಎರಡರಲ್ಲಿ ಚೆನ್ನಾಗಿರುವುದು ಯಾವಾಗಲೂ ಹುಳುಗಳ ಪಾಲಿಗೆ ಹೋಗುತ್ತಿತ್ತು. ನಾವಿರುವ ಮನೆಯ ಹೆಂಚು ಸೋರುತ್ತಿತ್ತು, ಹುಳದ ಮನೆಯದು ಸೋರುತ್ತಿರಲಿಲ್ಲ. ನಮಗೆ ಬೇಸಿಗೆಯಲ್ಲಿ ಸೆಕೆ, ಹುಳುಗಳ ಕಿಟಕಿಗೆ ಒದ್ದೆ ಗೋಣಿತಾಟು. ಅಲ್ಲಿ ಒಳಗೆ ಹೋಗಬೇಕಾದರೆ ಕಾಲು ತೊಳೆಯಬೇಕು, ಹೊಸ್ತಿಲಿನಲ್ಲಿ ಚೆಲ್ಲಿದ ಸುಣ್ಣದ ಪುಡಿಯನ್ನು ತುಳಿಯಬೇಕು, ಆಮೇಲೆ ಮೆಲ್ಲಗೆ ಮಾತಾಡಬೇಕು. ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಆ ಮಬ್ಬಿನಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಅಟ್ಟಣೆ ಕಟ್ಟಿಕೊಂಡು ಕಾಣುತ್ತಿದ್ದವು, ಅಟ್ಟಣೆಯ ಕಾಲುಗಳು ಇರುವೆ ಹತ್ತದ ಹಾಗೆ ನೀರು ತುಂಬಿದ ಬಟ್ಟಲುಗಳಲ್ಲಿ ನಿಂತಿರುತ್ತಿದ್ದವು. ಆಮೇಲೆ ಆ ಸದ್ದು. ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು. ದೂರದಲ್ಲಿ ಶುರುವಾಗಿ, ಹತ್ತಿರ ಬಂದು, ಹೆಂಚಿನ ಮೇಲೆಯೇ ತಂಗಿಬಿಟ್ಟ ಸೋನೆಮಳೆಯ ಹಾಗೆ ಇರುತ್ತಿತ್ತು. ನಾನು ಹುಟ್ಟಿದಾಗಿನಿಂದ ಅದನ್ನು ಕೇಳಿದವಳು, ಆದ್ದರಿಂದ ನನಗೆ ಅದು ಕೇಳಿಸುತ್ತಲೇ ಇರಲಿಲ್ಲ.

ಹುಳದ ಮನೆ ನನ್ನ ಅಜ್ಜಿಯದು. ಅಪ್ಪನ ಅವ್ವ, ಊರಿಗೆಲ್ಲ ಕೆಂಪಜ್ಜಿ. ಸೊಪ್ಪು ಬೆಳೆಯುವುದು ಅಪ್ಪ, ಕೊಯ್ದು ತರುವುದು ಅಮ್ಮ, ಆದರೆ ಒಳಗಿನ ಆಡಳಿತವೆಲ್ಲ ಅಜ್ಜಿಯದು. ಹುಳು ದೊಡ್ಡದಾದ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಗ್ಗರಣೆ ಬಂದ್. ಈರುಳ್ಳಿ ಸೀಯಬಾರದು, ಮೆಣಸಿನಕಾಯಿ ಘಾಟು ಏಳಬಾರದು, ನನ್ನ ಜಡೆಗೆ ಹೂವಿಲ್ಲ, ಅಪ್ಪನಿಗೆ ಬೀಡಿ ಇಲ್ಲ. ಮುದ್ದೆ, ಒಗ್ಗರಣೆ ಕಾಣದ ಬಸ್ಸಾರು, ಮತ್ತೆ ಮುದ್ದೆ. ನೆಂಟರು ಬಂದರೆ ಜಗುಲಿಯಿಂದಲೇ ನೀರು ಕೊಟ್ಟು ಮಾತಾಡಿಸಿ ಕಳಿಸುತ್ತಿದ್ದಳು. ಹುಳು ಪೊರೆ ಬಿಡುವ ಮೊದಲು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಅಲುಗದೆ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತಿತು ಅನ್ನುತ್ತಾರೆ. ಹಾಗೆ ನಾಲ್ಕು ಜ್ವರ. ಜ್ವರ ಏಳುವವರೆಗೂ ಇಡೀ ಮನೆ ಪಿಸುಗುಟ್ಟುತ್ತಿತ್ತು. ಬೇರೆ ಮಕ್ಕಳಿಗೆ ವಾರ, ತಿಂಗಳು ಇದ್ದ ಹಾಗೆ ನನಗೆ ಜ್ವರಗಳಿದ್ದವು. ಮೂರನೇ ಜ್ವರದಲ್ಲಿ ನನ್ನ ಹಲ್ಲು ಬಿತ್ತು, ನಾಲ್ಕನೇ ಜ್ವರ ಎದ್ದ ಮೇಲೆ ಪರೀಕ್ಷೆ ಬಂತು, ಹೀಗೆ.

ಬಿಡದಿ ಕಡೆ ಕಾರ್ಖಾನೆಗಳು ಒಂದಾದ ಮೇಲೊಂದು ಎದ್ದದ್ದು ಆ ವರ್ಷಗಳಲ್ಲೇ. ನಾವು ಕಾರ್ಖಾನೆಯನ್ನು ನೋಡಲಿಲ್ಲ, ಅದರ ವ್ಯಾನುಗಳನ್ನು ನೋಡಿದೆವು. ನೀಲಿ ಅಂಗಿಯ ಹುಡುಗರನ್ನು ತುಂಬಿಕೊಂಡು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಪಾಳಿಗೊಂದರಂತೆ ಹೋಗುತ್ತಿದ್ದವು. ಹೆದ್ದಾರಿಯ ಹತ್ತಿರ ಜಾಗವಿದ್ದವರು ದನದ ಕೊಟ್ಟಿಗೆಗೂ ಬಿಳಿ ಸುಣ್ಣ ಹೊಡೆಸಿ ಬಾಗಿಲಿಟ್ಟು ರೂಮು ಅಂದರು. ಅಪ್ಪನಿಗೂ ಆಸೆ ಹುಟ್ಟಿತು. ಹುಳದ ಮನೆಯನ್ನು ಸಾಲು ಮನೆ ಮಾಡಿಬಿಟ್ಟರೆ ಸೊಪ್ಪು, ಕೂಲಿ, ಇರುವೆ, ಹಲ್ಲಿ, ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಯಾವ ರಗಳೆಯೂ ಇಲ್ಲ ಎಂದು ಅವರ ವಾದ. ಅಜ್ಜಿ ಕೇಳಲಿಲ್ಲ. ಕೊನೆಗೆ ಅರ್ಧ ಅರ್ಧ ಎಂದು ರಾಜಿಯಾಯಿತು. ಹುಳದ ಮನೆಯ ನಡುವೆ ಒಂದು ಅಡ್ಡಗೋಡೆ, ಆಚೆ ಬದಿಗೆ ಹಿಪ್ಪುನೇರಳೆ ತೋಟದ ಕಡೆಯಿಂದ ಬೇರೆ ಬಾಗಿಲು. ಇಟ್ಟಿಗೆ ಉಳಿಯಲಿ ಎಂದು ಅಪ್ಪ ಗೋಡೆಯನ್ನು ಆಳೆತ್ತರಕ್ಕೆ ನಿಲ್ಲಿಸಿದರು. ಅದರ ಮೇಲಿಂದ ಹೆಂಚಿನವರೆಗೂ ಬಯಲು. ಇವತ್ತು ಮನೆಗಳನ್ನು ಬಾಡಿಗೆಗೆ ಕೊಡಿಸುವುದೇ ನನ್ನ ಕಸುಬು; ಯಾರಾದರೂ ಬಾಡಿಗೆಗೆಂದು ಮನೆ ಕಟ್ಟುವಾಗ ನನ್ನನ್ನು ಕರೆದು ತೋರಿಸಿದರೆ ನಾನು ಮೊದಲು ತಲೆ ಎತ್ತಿ ಗೋಡೆ ಎಲ್ಲಿಗೆ ಮುಗಿಯುತ್ತದೆ ಎಂದು ನೋಡುತ್ತೇನೆ. ಗೋಡೆಯಲ್ಲಿ ಉಳಿಸಿದ್ದನ್ನು ಬೇರೆ ಎಲ್ಲೋ ಕಳೆಯುತ್ತೀರಿ ಎಂದು ಹೇಳುತ್ತೇನೆ. ಅವರು ನಗುತ್ತಾರೆ. ನಗಲಿ.

ಬಾಡಿಗೆದಾರರನ್ನು ಆರಿಸುವ ಕೆಲಸವನ್ನು ಅಜ್ಜಿ ತಾನೇ ವಹಿಸಿಕೊಂಡಳು. ಆಗ ನಡೆದದ್ದು ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು. ಅವಳು ಬಂದವರನ್ನು ಹುಳುಗಳ ಪರವಾಗಿ ಪರೀಕ್ಷೆ ಮಾಡಿದಳು. ಯಾವ ಊರು, ಏನು ಕೆಲಸ, ಯಾರ ಪರಿಚಯ, ಇದೊಂದನ್ನೂ ಕೇಳುತ್ತಿರಲಿಲ್ಲ. ಹತ್ತಿರ ನಿಂತು ಮೂಗು ಅರಳಿಸುತ್ತಿದ್ದಳು. ಒಬ್ಬ ಮೇಷ್ಟ್ರು ಬಂದರು, ಹೆಂಡತಿ ಮಕ್ಕಳು ಇದ್ದವರು, ಸಂಬಳ ತಪ್ಪದವರು. ಇವತ್ತಾದರೆ ನಾನು ಅಂಥವರನ್ನು ಬಾಗಿಲಿನಿಂದ ಹೊರಗೆ ಬಿಡುವುದಿಲ್ಲ. ಅಜ್ಜಿ ಅವರ ಮುಖಕ್ಕೇ ಹೇಳಿದಳು:

"ಮೇಷ್ಟ್ರೇ, ನೀವು ಮೈಗೆ ಸೆಂಟ್ ಹಾಕ್ತೀರ. ನಮ್ಮವು ಸತ್ತೋಯ್ತವೆ."

"ಯಾರಮ್ಮ ಸತ್ತೋಗೋದು?" ಎಂದರು ಅವರು ಗಾಬರಿಯಿಂದ.

"ಹುಳ."

ಮತ್ತೊಬ್ಬ ಲಾರಿ ಡ್ರೈವರ್ ಕೈ ಬೀಸಿಕೊಂಡು ಒಳಗೆ ಬಂದ. ಕಾಲು ತೊಳೆಯದೆ ಹೊಸ್ತಿಲು ದಾಟಿದ್ದಕ್ಕೆ ಅಲ್ಲಿಂದಲೇ ವಾಪಸ್ಸು. ಇನ್ನೊಬ್ಬನ ತುಟಿ ಕಪ್ಪಗಿತ್ತು, ಬೀಡಿ. ಅಪ್ಪ ಜಗುಲಿಯಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದರು. "ಅವ್ವ, ನೀನು ಬಾಡಿಗೆಗೆ ಜನ ನೋಡ್ತಿದ್ದೀಯೋ, ಹುಳಕ್ಕೆ ಗಂಡು ನೋಡ್ತಿದ್ದೀಯೋ?"

ಕೊನೆಗೆ ಬಂದವನು ಪ್ರಭಾಕರ. ಸಣ್ಣ ಧ್ವನಿ, ಇಸ್ತ್ರಿ ಮಾಡಿದ ಅಂಗಿ. ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು, ತೊಟ್ಟಿಯ ನೀರು ಮೊಗೆದು ಕಾಲು ತೊಳೆದು, ಒದ್ದೆ ಹೆಜ್ಜೆಯಲ್ಲೇ ಬಂದು ಕೈಮುಗಿದ. ಅಜ್ಜಿ ಅವನ ಸುತ್ತ ಒಂದು ಸುತ್ತು ಬಂದಳು. ಅವನಿಗೆ ವಾಸನೆಯೇ ಇರಲಿಲ್ಲ. ಎಣ್ಣೆಯದಿಲ್ಲ, ಸೋಪಿನದಿಲ್ಲ, ಬೆವರಿನದೂ ಇಲ್ಲ. ಅಂಥ ಮನುಷ್ಯನನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಹೆಚ್ಚಾಗಿ ರಾತ್ರಿ ಪಾಳಿ, ಹಗಲೆಲ್ಲ ಮಲಗುವವನು, ತೊಂದರೆ ಕೊಡುವುದಿಲ್ಲ ಎಂದ.

"ಎಷ್ಟು ಜನ ಇರ್ತೀರಿ?" ಎಂದು ಅಪ್ಪ ಕೇಳಿದರು.

"ನಾನೊಬ್ಬನೇ ಸ್ವಾಮಿ."

"ಕೊಟ್ಬುಡ್ಲಾ," ಎಂದಳು ಅಜ್ಜಿ. "ದೇವರಂಗವ್ನೆ."

ಅಗ್ರಿಮೆಂಟು ಇಲ್ಲ, ಸಾಕ್ಷಿ ಇಲ್ಲ, ಕೆಲಸದ ಜಾಗಕ್ಕೆ ಹೋಗಿ ವಿಚಾರಿಸಿದ್ದಿಲ್ಲ. ಈಗ ನನ್ನ ಬಳಿ ಬರುವ ಮನೆ ಮಾಲೀಕರಿಗೆ ನಾನು ಮೊದಲು ಹೇಳುವುದೇ ಇದನ್ನು: ಎಷ್ಟು ಜನ ಎಂದು ಕೇಳಬೇಡಿ, ಎಲ್ಲರೂ ಸುಳ್ಳು ಹೇಳುತ್ತಾರೆ. ಯಾರು ಯಾವ ಹೊತ್ತಿಗೆ ಮಲಗುತ್ತಾರೆ ಎಂದು ಕೇಳಿ. ಸುಳ್ಳಿಗೆ ತಯಾರಾಗಿ ಬಂದವನು ಆ ಪ್ರಶ್ನೆಗೆ ತಯಾರಾಗಿ ಬಂದಿರುವುದಿಲ್ಲ.

ಆದರೆ ಆ ತಿಂಗಳುಗಳು ನನಗೆ ನೆನಪಾಗುವುದು ನಷ್ಟವಾಗಿ ಅಲ್ಲ. ತೋಟದ ಕಡೆಯ ಕಿಟಕಿಗೆ ಬಾಡಿಗೆಯವರು ಒಂದು ಹಸಿರು ಬಟ್ಟೆ ಕಟ್ಟಿದ್ದರು, ಅದರ ಅಂಚಿನಲ್ಲಿ ಒಂದು ಕಣ್ಣಿಗಾಗುವಷ್ಟು ಸಂದಿ. ಶಾಲೆ ಬಿಟ್ಟು ಬಂದವಳು ಸೊಪ್ಪಿನ ಸಾಲುಗಳ ನಡುವೆ ನುಸುಳಿ ಆ ಸಂದಿಗೆ ಕಣ್ಣಿಡುತ್ತಿದ್ದೆ. ಒಳಗೆ ಹಸಿರು ಬೆಳಕು, ಕೆರೆಯ ತಳದಲ್ಲಿರುವಂಥದ್ದು. ಕಾಣುತ್ತಿದ್ದದ್ದು ಒಂದೇ ಮಂಚ. ಅದರ ಮೇಲೆ ತಲೆಯಿಂದ ಕಾಲಿನವರೆಗೂ ದುಪ್ಪಟಿ ಹೊದ್ದ ಒಬ್ಬ ಮನುಷ್ಯ. ಬೆಳಿಗ್ಗೆ ಶಾಲೆಗೆ ಹೋಗುವಾಗ ನೋಡಿದರೂ ಮಲಗಿದ್ದ, ಮಧ್ಯಾಹ್ನ ನೋಡಿದರೂ ಮಲಗಿದ್ದ, ಸಂಜೆ ಬೆಳಕಿರುವಾಗ ನೋಡಿದರೂ ಮಲಗಿದ್ದ. ಭಾನುವಾರವೂ ಮಲಗಿದ್ದ. ಉಸಿರಿಗೆ ದುಪ್ಪಟಿ ಏರುತ್ತಿತ್ತು, ಇಳಿಯುತ್ತಿತ್ತು. ನಾನು ನಿಂತಲ್ಲೇ ತೂಕಡಿಸುತ್ತಿದ್ದೆ. ಇಷ್ಟು ಮಲಗುವವರು ನನಗೆ ಗೊತ್ತಿದ್ದದ್ದು ಒಂದೇ ಜಾತಿ, ಹುಳು. ಹಾಗಾಗಿ ನನ್ನ ಲೆಕ್ಕದಲ್ಲಿ ಆ ಮನುಷ್ಯ ಜ್ವರಕ್ಕೆ ಕೂತಿದ್ದ. ಒಂದು ದಿನ ಪೊರೆ ಬಿಟ್ಟು, ಬೆಳ್ಳಗಾಗಿ, ಎದ್ದು ಕೂರುತ್ತಾನೆ.

"ಅಜ್ಜಿ, ಅವ್ರಿಗೂ ನಾಕು ಜ್ವರ ಆಯ್ತದಾ?" ಎಂದು ಒಮ್ಮೆ ಕೇಳಿದೆ.

"ಯಾರಿಗಮ್ಮಿ?"

"ಬಾಡಿಗೆಯವ್ರಿಗೆ. ಎದ್ದಿದ್ದೇ ನೋಡಿಲ್ಲ ನಾನು."

ಅಜ್ಜಿಗೆ ಖುಷಿಯಾಯಿತು. "ಮಲಗ್ಲಿ ಬುಡು. ಸದ್ದಿಲ್ಲ ಗದ್ದಲಿಲ್ಲ. ಇಂಥೋರು ಸಿಕ್ಬೇಕಲ್ಲ," ಎಂದು ಗೋಡೆಯ ಈಚೆ ತನ್ನ ಹುಳುಗಳಿಗೆ ಸೊಪ್ಪು ಹರಡಿದಳು.

ಆ ಬೆಳೆ ನಾಲ್ಕನೇ ಜ್ವರವನ್ನು ಚೆನ್ನಾಗಿಯೇ ಎದ್ದಿತು. ಹುಳು ಕಿರುಬೆರಳಿನ ಉದ್ದಕ್ಕೆ ಬಂದವು, ಅವು ಸೊಪ್ಪು ತಿನ್ನುವ ಮಳೆ ಹಗಲಿಡೀ ಸುರಿಯಿತು. ಆಮೇಲೆ ಒಂದು ಬೆಳಿಗ್ಗೆ ಮಳೆ ಇಲ್ಲ. ನಾನು ಹಲ್ಲುಜ್ಜುತ್ತ ಹಿತ್ತಲಿನಲ್ಲಿ ನಿಂತವಳು ಆ ಸದ್ದನ್ನು ಮೊದಲ ಸಲ ಕೇಳಿಸಿಕೊಂಡದ್ದು ಅದು ನಿಂತಾಗ. ಒಳಗೆ ಹೋದರೆ ಹುಳುಗಳು ತಲೆಯನ್ನು ಅತ್ತಿತ್ತ ಒಗೆಯುತ್ತ, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಸೊಪ್ಪು ಹಾಗೆಯೇ ಬಿದ್ದಿತ್ತು. ಅಜ್ಜಿ ತಟ್ಟೆಯಿಂದ ತಟ್ಟೆಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಅಪ್ಪ ತಟ್ಟೆಗಳನ್ನು ಹೊತ್ತು ತಿಪ್ಪೆಗೆ ಸುರಿದು ಬಂದರು. ಅಜ್ಜಿ ಮಾತ್ರ ಖಾಲಿ ಮನೆಯೊಳಗೆ ನಿಂತು ಮೂಗು ಅರಳಿಸುತ್ತಲೇ ಇದ್ದಳು. ಕೊನೆಗೆ ಅಡ್ಡಗೋಡೆಯ ಹತ್ತಿರ ಹೋಗಿ, ತಲೆ ಎತ್ತಿ, ಗೋಡೆಗೂ ಹೆಂಚಿಗೂ ನಡುವಿನ ಬಯಲನ್ನು ನೋಡಿದಳು.

"ಸೊಳ್ಳೆ ಬತ್ತಿ," ಎಂದಳು.

ಸೊಳ್ಳೆಗೆ ವಿಷವಾದದ್ದು ರೇಷ್ಮೆ ಹುಳುವಿಗೂ ವಿಷ, ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಪ್ಪ ತೋಟ ಸುತ್ತಿ ಹೋಗಿ ಆ ಕಡೆಯ ಬಾಗಿಲು ಬಡಿದರು. ನಾನು ಅವರ ಬೆನ್ನ ಹಿಂದೆ. ಬಾಗಿಲು ತೆಗೆದವನು ನಾವು ಎಂದೂ ನೋಡದ ಹುಡುಗ, ಕಣ್ಣು ಉಜ್ಜಿಕೊಳ್ಳುತ್ತಿದ್ದ.

"ಯಾರಯ್ಯ ನೀನು?"

"ಹನುಮಂತ್ರೀ. ಕೊಪ್ಪಳ ಕಡೆಯಾಂವ."

"ಇಲ್ಲೇನ್ ಮಾಡ್ತಿದ್ದೀಯ?"

"ಮಲ್ಕೊಂಡಿದ್ನಿರೀ."

"ಪ್ರಭಾಕರ್ ಎಲ್ಲಯ್ಯ?"

"ಮೇಸ್ತ್ರಿ ಅವ್ರಾ? ಅವ್ರು ಇಲ್ಲಿ ಯಾವಾಗ ಇದ್ದಾರ್ರೀ! ಅವ್ರ ಮನಿ ರಾಮನಗರದಾಗೈತಿ."

ಸಂದಿಯಿಂದ ನನಗೆ ಕಾಣದ ಕಡೆಯೆಲ್ಲ ಚಾಪೆ ಹಾಸಿತ್ತು, ಅಲ್ಲಿ ಇನ್ನಿಬ್ಬರು ಮಲಗಿದ್ದರು. ನಾವು ನಿಂತಿರುವಾಗಲೇ ತೋಟದಾಚೆಯ ದಾರಿಯಲ್ಲಿ ವ್ಯಾನು ಬಂದು ಮತ್ತೆ ಮೂವರನ್ನು ಇಳಿಸಿತು. ಮಲಗಿದ್ದವರು ಎದ್ದು ಮುಖ ತೊಳೆದರು, ಬಂದವರು ಅದೇ ಬೆಚ್ಚಗಿನ ಮಂಚ, ಚಾಪೆಗಳ ಮೇಲೆ ಅದೇ ದುಪ್ಪಟಿ ಹೊದ್ದು ಮಲಗಿದರು. ನಾನು ತಿಂಗಳುಗಟ್ಟಲೆ ನೋಡಿದ ಆ ಒಬ್ಬ ಮನುಷ್ಯ ಪಾಳಿ ಪಾಳಿಗೆ ಬದಲಾಗುತ್ತಿದ್ದ. ಹಾಸಿಗೆಗೆ ಮಾತ್ರ ಬಿಡುವಿರಲಿಲ್ಲ. ಪ್ರಭಾಕರ ಸೂಪರ್‌ವೈಸರ್ ಅಲ್ಲ, ಕಾರ್ಖಾನೆಗೆ ಆಳು ಒದಗಿಸುವ ಮೇಸ್ತ್ರಿ. ನಮ್ಮ ಅರ್ಧ ಹುಳದ ಮನೆಯನ್ನು ನಮ್ಮಿಂದ ಒಬ್ಬನ ಲೆಕ್ಕದಲ್ಲಿ ಹಿಡಿದು, ಪ್ರತಿಯೊಬ್ಬ ಹುಡುಗನ ಸಂಬಳದಲ್ಲೂ ರೂಮು ಎಂದು ಮುರಿದುಕೊಳ್ಳುತ್ತಿದ್ದ. ಹಗಲು ಮಲಗುವವರಿಗೆ ಸೊಪ್ಪಿನ ತೋಟದ ಸೊಳ್ಳೆ ಕಾಟ. ತಡೆಯಲಾರದೆ ಹಿಂದಿನ ದಿನ ಮೊದಲ ಸಲ ಬತ್ತಿ ಹಚ್ಚಿದ್ದರು. ಗೋಡೆಯಾಚೆ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಪ್ರಭಾಕರ ಮಾರನೆಯ ದಿನ ಬಂದ. ಮತ್ತೆ ಕಾಲು ತೊಳೆದ. ಖಾಲಿ ಮಾಡು ಎಂದು ಅಪ್ಪ ಕೂಗಾಡಿದ್ದಷ್ಟೂ ಹೊತ್ತು ಕೈಕಟ್ಟಿ ಕೇಳಿಸಿಕೊಂಡು, ಆಮೇಲೆ ಅದೇ ಸಣ್ಣ ಧ್ವನಿಯಲ್ಲಿ ಹೇಳಿದ:

"ಖಾಲಿ ಮಾಡಿಸ್ಬೇಕು ಅಂದ್ರೆ ಕೋರ್ಟಿಗೆ ಹೋಗಿ ಸ್ವಾಮಿ, ನಾನು ಬೇಡ ಅನ್ನಲ್ಲ. ತೀರ್ಮಾನ ಆಗೋವರ್ಗೂ ನಾನೂ ಎಲ್ಲೂ ಹೋಗಲ್ಲ. ಹುಡುಗ್ರು ನಿದ್ದೆ ಮಾಡ್ತಿದ್ದಾರೆ, ಒಸಿ ಮೆಲ್ಲಗೆ ಮಾತಾಡಿ."

ಹೋಗುವಾಗ ಆ ಬಾಗಿಲಿಗೆ ತನ್ನದೇ ಹೊಸ ಬೀಗ ಹಾಕಿಸಿ, ಅದರ ಕೀಲಿಗಳನ್ನು ತನ್ನವರಿಗೆ ಹಂಚಿ ಹೋದ. ನಮ್ಮ ಮನೆಗೆ ನಮ್ಮ ಹತ್ತಿರ ಕೀಲಿ ಇಲ್ಲದ ಹಾಗಾಯಿತು. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ: ಕೂಗಾಡುವ ಬಾಡಿಗೆದಾರನಿಗೆ ಹೆದರಬೇಡಿ, ಅವನು ಕೂಗಿ ಸುಸ್ತಾಗಿ ಹೋಗುತ್ತಾನೆ. ಮೆಲ್ಲಗೆ ಮಾತಾಡುವವನು ಹುಳುವಿನ ಹಾಗೆ ಎಲೆಯ ಅಂಚಿನಿಂದ ತಿನ್ನಲು ಶುರು ಮಾಡುತ್ತಾನೆ.

ಅಪ್ಪ ಆವತ್ತು ಸಂಜೆ ಒಂದು ಹಾರೆ ತಂದು ಹುಳದ ಮನೆಯ ಗೋಡೆಗೆ ಒರಗಿಸಿದರು. "ಇನ್ನೊಂದು ಬೆಳೆ ನೋಡ್ತೀನಿ ಅವ್ವ. ಅದೂ ಹೋದ್ರೆ ಇದೇ ಹಾರೇಲಿ ನಿನ್ನ ಅಟ್ಟಣೆ ಕಿತ್ತಾಕಿ ಪೂರ್ತಿ ಸಾಲು ಮನೆ ಮಾಡ್ಬುಡ್ತೀನಿ. ಅರ್ಧ ಹೆಂಗೂ ಹೋಯ್ತು." ಅಜ್ಜಿಗೆ ಅದು ಬರೀ ಕಟ್ಟಡವಾಗಿರಲಿಲ್ಲ. ಗಂಡ ಹೋದ ಮೇಲೆ ಅವಳು ಮಗನನ್ನು ಸಾಕಿದ್ದು ಅಲ್ಲಿಂದ, ಗೂಡಿನ ಮಾರ್ಕೆಟ್ಟಿನಲ್ಲಿ ಗಂಡಸರ ನಡುವೆ ನಿಂತು ಮಾತಾಡಲು ಕಲಿತದ್ದು ಅಲ್ಲಿಯ ಗೂಡು ಹಿಡಿದುಕೊಂಡು. ಹಾರೆ ಅಲ್ಲೇ ಇತ್ತು. ನಾವು ದಿನಾ ಅದನ್ನು ದಾಟಿಕೊಂಡು ಓಡಾಡಿದೆವು.

ಹೊಸ ಮರಿಹುಳು ಬಂದ ದಿನ ಅಜ್ಜಿ ಒಂದು ಕೆಲಸ ಮಾಡಿದಳು. ದೊಡ್ಡ ಪಾತ್ರೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಹೊರಿಸಿಕೊಂಡು ತೋಟ ಸುತ್ತಿ ಹೋಗಿ ಆ ಬಾಗಿಲ ಮುಂದೆ ಕೂತಳು. ಬಾಗಿಲು ಬಡಿಯಲಿಲ್ಲ. ಮಲಗಿದ್ದವರು ತಾವಾಗಿ ಏಳುವವರೆಗೂ ಕೂತೇ ಇದ್ದಳು. ಅಪ್ಪ ದೂರದಿಂದ ನೋಡಿ ಹಲ್ಲು ಕಡಿದರು. ಹುಡುಗರು ಎದ್ದು ಬಂದು, ಬೈಯಲು ಬಂದಿದ್ದಾಳೆಂದು ಗೋಡೆಗೆ ಅಂಟಿ ನಿಂತರು. ಅವಳು ಬಡಿಸಿದಳು. ಮುದ್ದೆಯನ್ನು ಅವರು ಅಗಿಯಲು ಹೊರಟಾಗ, "ಅಗೀಬಾರ್ದು ಕಣ್ರಲಾ, ನುಂಗ್ಬೇಕು!" ಎಂದು ನಕ್ಕಳು. ಉಂಡಾದ ಮೇಲೆ ಅವರ ಕಾಲು ತೊಳೆಸಿ, ಸುಣ್ಣ ತುಳಿಸಿ, ನಮ್ಮ ಕಡೆಯ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದಳು. ಆಗ ಹುಳು ಇನ್ನೂ ಕೂದಲೆಳೆಯಂತಿದ್ದವು. "ಹೋದ ಸಲ ಇಂಥವೇ ದೊಡ್ಡವಾದಾಗ ನಿಮ್ಮ ಬತ್ತಿ ಹೊಗೆಗೆ ಸತ್ತಿದ್ದು. ನಿಮ್ಗೆ ಗೊತ್ತಿರ್ಲಿಲ್ಲ, ನಾನು ಹೇಳಿರ್ಲಿಲ್ಲ. ಈಗ ಹೇಳಿದ್ದೀನಿ. ಸೊಳ್ಳೆಪರದೆ ತರಿಸ್ಕೊಡ್ತೀನಿ, ಬತ್ತಿ ಮಾತ್ರ ಬೇಡ ಕಣ್ರಪ್ಪ."

ಹನುಮಂತ ಅಡ್ಡಗೋಡೆಯನ್ನೂ ಹೆಂಚನ್ನೂ ನೋಡುತ್ತಿದ್ದ. "ಯಮ್ಮಾ, ಇವು ದೊಡ್ಡವಾದಾಗ ಸಪ್ಪಳ ಮಾಡ್ತಾವೇನ್ರಿ?"

"ಮಾಡದೇನು, ಸೊಪ್ಪು ತಿನ್ನಾಗ."

ಅವನು ತನ್ನ ಜೊತೆಯವರ ಕಡೆ ತಿರುಗಿದ. "ಕೇಳಿದ್ಯೇನಲೇ? ನಾ ಹೇಳ್ತಿದ್ದಿಲ್ಲ?" ಆಮೇಲೆ ಅಜ್ಜಿಗೆ: "ಮಲ್ಕೊಂಡಾಗೆಲ್ಲ ಮಳಿ ಹೊಡೀತಿತ್ರಿ. ನಮ್ಮೂರಾಗ ಹಂಗ ಹಗಲೆಲ್ಲ ಮಳಿ ಎಲ್ಲಿ ಬರಬೇಕು? ಛಲೋ ನಿದ್ದಿ ಬರ್ತಿತ್ತು. ಎದ್ದು ಹೊರಗ ಬಂದ್ರ ನೆಲ ಒಣಾನ. ಬ್ಯಾರೇದವ್ರಿಗೆ ಹೇಳಿದ್ರ ಹುಚ್ಚ ಅಂತಾರಂತ ಸುಮ್ನಿದ್ವಿ."

ಅಂದಿನಿಂದ ಆ ಕಡೆ ಬತ್ತಿ ಉರಿಯಲಿಲ್ಲ. ಪರದೆ ಕಟ್ಟಿಕೊಂಡರು. ಹುಳು ಬೆಳೆದವು, ಜ್ವರಕ್ಕೆ ಕೂತವು, ಎದ್ದವು. ಪಾಳಿ ಮುಗಿಸಿ ಬಂದವರು ಮಲಗುವ ಮೊದಲು ನಮ್ಮ ಹಿತ್ತಲಿಗೆ ಬಂದು, "ಎಷ್ಟನೇ ಜ್ವರ ಅಜ್ಜಿ?" ಎಂದು ವಿಚಾರಿಸಿ ಹೋಗುತ್ತಿದ್ದರು. ಬಾಗಿಲಿನ ಬೀಗ ಮಾತ್ರ ಮೇಸ್ತ್ರಿಯದೇ, ಮನೆಯೂ ಅವನ ಕೈಯಲ್ಲೇ. ಊರಿನ ಹಿರಿಯರನ್ನು ಸೇರಿಸೋಣ ಎಂದು ಅಪ್ಪ ಎಂದಾಗಲೆಲ್ಲ ಅಜ್ಜಿ, "ತಡಿ, ಹುಳ ಹಣ್ಣಾಗ್ಲಿ," ಎನ್ನುತ್ತಿದ್ದಳು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಮಗ್ಯಾರಿಗೂ ತಿಳಿಯಲಿಲ್ಲ. ಅವಳಿಗೂ ಆಗಲೇ ತಿಳಿದಿತ್ತೋ ಇಲ್ಲವೋ, ನಾನು ಹೇಳಲಾರೆ.

ಹುಳು ಹಣ್ಣಾಗುವುದು ಒಂದೇ ಸಲಕ್ಕೆ. ಬೆಳ್ಳಗಿದ್ದ ಮೈ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ, ಬಾಯಿಂದ ನೂಲಿನ ಎಳೆ ಇಳಿಯುತ್ತದೆ. ಆಗ ಒಂದೊಂದನ್ನೂ ಕೈಯಿಂದ ಆರಿಸಿ ಚಂದ್ರಂಕಿಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಹೆಣೆದ ಗೂಡುಕಟ್ಟುವ ಜಾಗ ಅದು. ತಡವಾದರೆ ತಟ್ಟೆಯ ಕಸದಲ್ಲೇ ಸುತ್ತಿಕೊಂಡು ನೂಲೆಲ್ಲ ಹಾಳು. ಊರಿನವರೆಲ್ಲ ಒಂದೇ ದಿನ ಮರಿಹುಳು ತಂದದ್ದರಿಂದ ಎಲ್ಲರ ಮನೆಯಲ್ಲೂ ಒಂದೇ ದಿನ ಹಣ್ಣು, ಹಾಗಾಗಿ ಕರೆದರೆ ಬರುವ ಕೈಯಿಲ್ಲ. ಆ ಬೆಳಿಗ್ಗೆ ಅಜ್ಜಿ, ಅಪ್ಪ, ಅಮ್ಮ, ನಾನು ಬಗ್ಗಿದವರು ಎದ್ದಿರಲಿಲ್ಲ. ನಮ್ಮಿಂದಾಗದು ಎನ್ನುವುದು ಅಪ್ಪನ ಮುಖದಲ್ಲಿ ಬರೆದಿತ್ತು. ಆಗ ಹನುಮಂತ ಬಾಗಿಲಲ್ಲಿ ನಿಂತ, ಒದ್ದೆ ಕಾಲಿನಲ್ಲಿ. ಅವನ ಹಿಂದೆ ರಾತ್ರಿ ಪಾಳಿ ಮುಗಿಸಿ ಬಂದವರು, ಮಧ್ಯಾಹ್ನದ ಪಾಳಿಗೆ ಹೋಗಬೇಕಾದವರು.

"ಹೆಂಗ ಹಿಡೀಬೇಕ್ರಿ?"

"ಮಗೀನ ಕಿವಿ ಹಿಡಿದಂಗೆ ಹಿಡೀಲಾ," ಎಂದಳು ಅಜ್ಜಿ.

ಆ ಹೊತ್ತನ್ನು ನಾನು ಇವತ್ತಿಗೂ ಕನಸಿನಲ್ಲಿ ನೋಡುತ್ತೇನೆ. ಒದ್ದೆ ಗೋಣಿತಾಟಿನಿಂದ ಸೋಸಿ ಬಂದ ಬೆಳಕು, ನೀಲಿ ಅಂಗಿಗಳು, ಕಬ್ಬಿಣದ ಕೆಲಸ ಮಾಡಿ ಒರಟಾದ ಬೆರಳುಗಳ ತುದಿಯಲ್ಲಿ ಜೇನುಬಣ್ಣದ ಹುಳು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹಾಯುವ ಕಂಡೂ ಕಾಣದ ನೂಲು.

ಹೊರಗೆ ವ್ಯಾನಿನ ಹಾರನ್ನು ಕೇಳಿಸಿತು. ಮಧ್ಯಾಹ್ನದ ಪಾಳಿ. ಯಾರೂ ಏಳಲಿಲ್ಲ. ಮತ್ತೆ ಹಾರನ್ನು. ಆಮೇಲೆ ಪ್ರಭಾಕರ ಹಿತ್ತಲಿಗೆ ನುಗ್ಗಿದ. ಅವನು ಕಾಲು ತೊಳೆಯದೆ ಬಂದದ್ದು ಅದೇ ಮೊದಲು.

"ಏನ್ ನಡೀತಿದೆ ಇಲ್ಲಿ? ಏಯ್, ಎಲ್ರೂ ಗಾಡಿ ಹತ್ತಿ! ಜನ ಕಮ್ಮಿಯಾದ್ರೆ ಅಲ್ಲಿ ಲೈನು ನಿಲ್ಲುತ್ತೆ, ನನ್ನ ಕಾಂಟ್ರ್ಯಾಕ್ಟೇ ಹೋಗುತ್ತೆ!"

ಅಜ್ಜಿ ಹೊಸ್ತಿಲಿಗೆ ಬಂದು ಅಡ್ಡ ನಿಂತಳು. ಅವಳ ಬೆನ್ನ ಹಿಂದೆ ಅರ್ಧ ತಟ್ಟೆಗಳು ಇನ್ನೂ ಹಾಗೆಯೇ ಇದ್ದವು, ಹುಳುಗಳು ಕಸದಲ್ಲಿ ನೂಲು ಬಿಡಲು ಶುರುಮಾಡಿದ್ದವು. ನಾನು ಅವಳ ಸೆರಗು ಜಗ್ಗಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, ಗೂಡಿನ ಮಾರ್ಕೆಟ್ಟಿನಲ್ಲಿ ಹೇಗೆ ನಿಲ್ಲುತ್ತಿದ್ದಳೋ ಹಾಗೆ ಕಂಬಕ್ಕೆ ಒರಗಿ ನಿಂತಳು.

"ಮುಗಿದ ತಕ್ಷಣ ಕಳಿಸ್ತೀನಿ ಕಣಪ್ಪ. ನಮ್ಗೇನೂ ಅರ್ಜೆಂಟಿಲ್ಲ."

"ಎಷ್ಟೊತ್ತಾಗುತ್ತೆ?"

"ಇಷ್ಟು ಜನ ಸಾಕಾಗಲ್ಲ. ಸಂಜೆ ಆದ್ರೂ ಆಯ್ತು."

"ಸಂಜೆನಾ! ಹನುಮಂತಾ, ಬರ್ತೀಯೋ ಇಲ್ವೋ?"

ಒಳಗಿನಿಂದ ಹನುಮಂತನ ಧ್ವನಿ: "ಇದು ಮುಗಿಲಿ ಬರ್ತೀನ್ರಿ. ಹುಳ ಕೈಯಾಗೈತಿ."

ಹಾರನ್ನು ಕೂಗುತ್ತಲೇ ಇತ್ತು. ಪ್ರಭಾಕರ ಒಮ್ಮೆ ವ್ಯಾನಿನ ಕಡೆ, ಒಮ್ಮೆ ಹುಳದ ಮನೆಯ ಕಡೆ ನೋಡಿದ. "ಅಮ್ಮಾ, ಗಾಡೀಲಿ ಇನ್ನೂ ಅಷ್ಟು ಜನ ಇದ್ದಾರೆ. ಅವರನ್ನೂ ಒಳಗೆ ಬಿಡಿ, ಬೇಗ ಮುಗಿಸ್ತಾರೆ."

ಆಗಲಿ ಎನ್ನಲು ಅಪ್ಪ ಒಳಗಿನಿಂದ ಓಡಿ ಬರುವುದರಲ್ಲಿದ್ದರು. ಅಜ್ಜಿ ಬೆನ್ನ ಹಿಂದೆಯೇ ಕೈ ಅಡ್ಡ ಹಿಡಿದಳು.

"ಹೊರಗಿನವ್ರನ್ನ ಹುಳದ ಮನೆಗೆ ಬುಡಾಕಾಯ್ತದಾ? ದೃಷ್ಟಿ ಆಯ್ತದೆ."

"ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗ್ಯಾಕೆ ಬೀಳ್ತೀಯ. ಆ ಬಾಗಲಲ್ಲಿರೋ ನಿನ್ನ ಬೀಗ ತೆಗುದ್ಬುಟ್ಟು ಹೋಗು. ಇವತ್ತಿಂದ ಈ ಹುಡುಗ್ರು ನನ್ನ ಬಾಡಿಗೆಯವ್ರು, ಬಾಡಿಗೆ ನನ್ನ ಕೈಗೆ ಅವರೇ ಕೊಡ್ತಾರೆ. ರೂಮಿಗೆ ಅಂತ ಸಂಬಳದಾಗೆ ಮುರ್ಕೋಬ್ಯಾಡ. ಅವರ ಕೆಲಸ ನಿಂದು, ಅವರ ನಿದ್ದೆ ನಂದು. ಆಯ್ತಾ?"

ಪ್ರಭಾಕರ ಬಾಯಿ ತೆರೆದ, 'ಕೋರ್ಟು' ಎಂಬ ಮಾತು ಅಲ್ಲಿವರೆಗೂ ಬಂತೆಂದು ಕಾಣುತ್ತದೆ, ಆದರೆ ಹಾರನ್ನು ಮತ್ತೆ ಕೂಗಿತು. ಅವನು ತೋಟ ಸುತ್ತಿ ಹೋಗಿ ಬೀಗ ತಂದು ಹೊಸ್ತಿಲಿನ ಸುಣ್ಣದ ಮೇಲೆ ಇಟ್ಟ.

"ಕರೀ ನಿನ್ನ ಜನಾನ," ಎಂದಳು ಅಜ್ಜಿ. "ಕಾಲು ತೊಳ್ಕೊಂಡು ಬರಕೇಳು. ನೀನೂ ತೊಳ್ಕೊಂಡು ಬಾ, ಸುಮ್ನೆ ಯಾಕೆ ನಿಂತಿದ್ದೀಯ."

ವ್ಯಾನಿನವರೆಲ್ಲ ಇಳಿದು ಬಂದರು. ನಮಗೆ ಪ್ರಾಣಕ್ಕಿಂತ ಹೆಚ್ಚಾಗಿ ಬೇಕಾಗಿದ್ದ ಕೈಗಳು, ನಮ್ಮ ಉಪಕಾರವೆಂಬಂತೆ ಒಳಗೆ ಬಂದವು. ಪ್ರಭಾಕರನೂ ಪ್ಯಾಂಟು ಮಡಚಿ ಹುಳು ಆರಿಸಿದ. ಆಮೇಲೆ ವ್ಯಾನು ಧೂಳೆಬ್ಬಿಸಿ ಹೋಯಿತು, ಕೊನೆಯ ತಟ್ಟೆ ಖಾಲಿಯಾಗಿತ್ತು. ನಾನು ಬದುಕಿನಲ್ಲಿ ಏನೇನು ವ್ಯಾಪಾರ ಕುದುರಿಸಿದ್ದೇನೋ, ಯಾವ ಯಾವ ಮೊಂಡು ಬಾಡಿಗೆದಾರನಿಂದ ಬೀಗ ಬಿಡಿಸಿದ್ದೇನೋ, ಎಲ್ಲ ಆ ಹೊಸ್ತಿಲಿನಲ್ಲಿ ಕಲಿತದ್ದು. ನಿಮಗೆ ಬೇಕಾದ್ದನ್ನು ಕೇಳಬೇಡಿ, ಎದುರಿನವನಿಗೆ ಯಾವ ಹೊತ್ತಿಗೆ ಏನು ಬೇಕು ಎಂದು ತಿಳಿದುಕೊಂಡು ಕಾಯಿರಿ. ಕಾಯುವಾಗ ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ಮುಖದಲ್ಲಿ ತೋರಿಸಬೇಡಿ.

ಮಾರನೆಯ ದಿನ ಮಧ್ಯಾಹ್ನ ಚಪ್ಪರದ ನೆರಳಿನಲ್ಲಿ ಚಂದ್ರಂಕಿಗಳು ಸಾಲಾಗಿ ಓರೆಯಾಗಿ ನಿಂತಿದ್ದವು. ಒಳಗೆ ಹುಳುಗಳು ತಮ್ಮ ಸುತ್ತ ತಾವೇ ಮಂಜು ಕಟ್ಟಿಕೊಳ್ಳುತ್ತಿದ್ದವು. ಅದಕ್ಕೆ ಸದ್ದಿಲ್ಲ. ಅಮ್ಮ ಎಷ್ಟೋ ದಿನದ ಮೇಲೆ ಒಗ್ಗರಣೆ ಹಾಕಿದಳು, ಸಾಸಿವೆ ಸಿಡಿದ ಸದ್ದಿಗೆ ನಾವೆಲ್ಲ ಬೆಚ್ಚಿಬಿದ್ದೆವು. ಅಪ್ಪ ಖಾಲಿ ತಟ್ಟೆಗಳನ್ನು ತೊಳೆದು ಬಿಸಿಲಿಗಿಡುತ್ತಿದ್ದರು. ಅಷ್ಟರಲ್ಲಿ ಹನುಮಂತ ತೋಟ ಸುತ್ತಿಕೊಂಡು ಬಂದು ಜಗುಲಿಯ ಅಂಚಿನಲ್ಲಿ ಕೂತ. ಕಣ್ಣು ಕೆಂಪಗಿತ್ತು.

"ಯಾಕ್ಲಾ ಮಗ, ಮಲಗ್ಲಿಲ್ವಾ?" ಎಂದಳು ಅಜ್ಜಿ.

"ನಿದ್ದಿ ಬರವಲ್ದು ಯಮ್ಮಾ. ಒಬ್ರಿಗೂ ಬರವಲ್ದು." ಅವನು ಹುಳದ ಮನೆಯ ಹೆಂಚಿನ ಕಡೆ ನೋಡಿದ. "ಮಳಿ ನಿಂತೈತಿ."

ಅಜ್ಜಿ ಅಪ್ಪನ ಕಡೆ ನೋಡಿದಳು. ಅಪ್ಪ ಕೈಯಲ್ಲಿದ್ದ ತಟ್ಟೆಯನ್ನು ಬಿಸಿಲಿಗೆ ಒರಗಿಸಿದರು. ಹೋಗಿ ಗೋಡೆಗೆ ಒರಗಿದ್ದ ಹಾರೆಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡರು.

"ಎಲ್ಲಿಗ್ಲಾ?" ಎಂದಳು ಅಜ್ಜಿ.

"ತೋಟದ ಆ ಮೂಲೇಲಿ ಗುಂಡಿ ತೋಡಿ ಇನ್ನೊಂದಿಷ್ಟು ಹಿಪ್ನೇರಳೆ ಕಡ್ಡಿ ನೆಡ್ತೀನಿ," ಎಂದರು ಅಪ್ಪ, ತಿರುಗಿ ನೋಡದೆ. "ಇಷ್ಟು ಜನದ ನಿದ್ದೆಗೆ ಈ ಸೊಪ್ಪು ಸಾಲ್ದು ಕಣವ್ವ."